ಗುಂಪಿಗೊಂದು ಹೆಸರು

ನಮ್ಮ ಬೆಟ್ಟ ಹತ್ತುವ ಪ್ರತಿ ಗುಂಪಿಗೂ ಒಂದು ಹೆಸರಿಡಬೇಕು. ಗೈಡುಗಳ ಸಂಘ ಹುಟ್ಟುವ ಮೊದಲಿನಿಂದಲೂ ಇರುವ ಪದ್ಧತಿ ಇದು. ನಮ್ಮ ಬೆಟ್ಟ ಪಕಾಯಾ ಒಂದು ಜ್ವಾಲಾಮುಖಿ, ಅದರ ಮೇಲೆ ಮಂಜು ಹೇಳದೆ ಕೇಳದೆ ಇಳಿಯುತ್ತದೆ. ಇಳಿದರೆ ಮುಂದಿನವನ ಬೆನ್ನು ಹಿಂದಿನವನಿಗೆ ಕಾಣುವುದಿಲ್ಲ. ಆಗ "ಓಯ್" ಎಂದರೆ ಬೆಟ್ಟದ ಮೇಲಿರುವವರೆಲ್ಲ ತಿರುಗಿ ನೋಡುತ್ತಾರೆ. ಅದಕ್ಕೇ ಹೊರಡುವ ಮೊದಲು ಗೈಡ್ ತನ್ನ ಜನರನ್ನು ಸುತ್ತ ನಿಲ್ಲಿಸಿಕೊಂಡು, ಇವತ್ತು ನಿಮ್ಮ ಹೆಸರು ತೋಳ, ಅಥವಾ ಚಿರತೆ, ಎಂದು ಹೇಳುತ್ತಾನೆ. ಮೇಲೆ ಅವನು "ತೋಳಾ!" ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಓಗೊಡಬೇಕು: "ಇದ್ದೀನಿ!" ಇದ್ದೀವಿ ಅಲ್ಲ, ಇದ್ದೀನಿ. ಬೆಟ್ಟದ ಮೇಲೆ ಗುಂಪೆಂದರೆ ಒಂದೇ ಪ್ರಾಣಿ, ಬಾಲ ಹಿಂದುಳಿದರೆ ತಲೆ ನಿಲ್ಲಬೇಕು. ಹೊಸದಾಗಿ ಸೇರಿದವರಿಗೆ ನಾವು ಮೊದಲ ದಿನವೇ ಇದನ್ನು ಹೇಳಿಕೊಡುತ್ತೇವೆ.

ನನ್ನ ಮಗಳಿಗೂ ನಾನೇ ಹೇಳಿಕೊಟ್ಟಿದ್ದೆ.

ಅವಳ ಹೆಸರು ಮಿರೇಯಾ. ಅವಳು ಗೈಡ್ ಆಗಿ ಬಿಲ್ಲೆ ತೊಟ್ಟ ಮೊದಲ ವರ್ಷ ಅದು. ಒಂದು ಮಧ್ಯಾಹ್ನ ನನ್ನ ತಮ್ಮ ರುಫೀನೋನ ಹೆಣ್ಣುಕುದುರೆ ಲಗಾಮು ಕಿತ್ತುಕೊಂಡು ಮೇಲೆಯೇ ಉಳಿದುಬಿಟ್ಟಿತು. ಕುದುರೆಗೂ ಅವಳಿಗೂ ಹೊಂದಿಕೆ ಚೆನ್ನಾಗಿತ್ತು. "ನಾನು ಹಿಡ್ಕೊಂಡ್ ಬರ್ತೀನಿ ಮಾವ, ನೀನು ಹೋದ್ರೆ ಅದು ಇನ್ನೂ ಮೇಲೆ ಹೋಗತ್ತೆ" ಎಂದು ನಗುತ್ತ ಹೊರಟಳು. ಮಂಜು ಇಳಿಯಿತು. ಕತ್ತಲಾಗುವ ಮೊದಲು ಕುದುರೆ ಮಾತ್ರ ಮನೆಗೆ ಬಂತು.

ಊರಿಗೆ ಊರೇ ಹೋಗಿ ಕೂಗಿದೆವು. ನಾನು, ನನ್ನ ಗಂಡ ನಜಾರಿಯೋ, ರುಫೀನೋ, ಬಿಲ್ಲೆ ಇರುವ ಪ್ರತಿಯೊಬ್ಬರೂ. ಮಂಜು ಏಳಲಿಲ್ಲ, ಗಾಳಿ ನಿಲ್ಲಲಿಲ್ಲ. ಹೆಸರು ಕೂಗುವುದು, ಉಸಿರು ಬಿಗಿಹಿಡಿದು ಕೇಳುವುದು, ಮತ್ತೆ ಕೂಗುವುದು. ಓಗೊಡುವ ಧ್ವನಿ ಬರಲಿಲ್ಲ. ಕೊನೆಗೆ ಮಂಜು ಎದ್ದ ಮೇಲೆ ಹಳೆಯ ಲಾವಾ ಹಾಸಿನ ಒಂದು ಬಿರುಕಿನಲ್ಲಿ ಅವಳು ಸಿಕ್ಕಳು.

ಆಮೇಲೆ ಮನೆಯಲ್ಲಿ ಆ ಹೆಸರು ನಿಂತುಹೋಯಿತು. ಹೇಳಬಾರದೆಂದು ಯಾರೂ ತೀರ್ಮಾನ ಮಾಡಿದ್ದಲ್ಲ. ಚರ್ಚಿನಲ್ಲಿ ಪಾದ್ರಿ ಅವಳ ಹೆಸರೆತ್ತಿ ಪ್ರಾರ್ಥಿಸಿದಾಗ ನಜಾರಿಯೋ ಎದ್ದು ಹೊರಗೆ ಹೋದ. ಪ್ರಾರ್ಥನೆ ಮುಗಿಯುವವರೆಗೂ ಗೋಡೆಗೆ ಹಣೆ ಒತ್ತಿ ನಿಂತಿದ್ದನೆಂದು ಯಾರೋ ಹೇಳಿದರು. ಅಂದಿನಿಂದ ನಾನು ಎಚ್ಚರ ವಹಿಸತೊಡಗಿದೆ. ಅದನ್ನು ನೋಡಿ ಅವನೂ ಎಚ್ಚರ ವಹಿಸತೊಡಗಿದ. ಅವಳ ಲೋಟ "ಆ ನೀಲಿ ಲೋಟ" ಆಯಿತು, ಅವಳ ಕೋಣೆ "ಹಿಂದಿನ ಕೋಣೆ" ಆಯಿತು. ಒಬ್ಬರ ಗಾಯ ಇನ್ನೊಬ್ಬರು ಮುಟ್ಟದ ಹಾಗೆ ಇಬ್ಬರೂ ಸುತ್ತು ಹಾಕಿ ನಡೆದೆವು. ಟೋರ್ಟಿಯಾ ರೊಟ್ಟಿ ಬೇಯಿಸಿದೆ, ತಿಂದೆವು, ಕೆಲಸಕ್ಕೆ ಹೋದೆವು.

ಮರುವರ್ಷದ ಸೀಸನ್ ಶುರುವಾದಾಗ ಅದು ನಡೆಯಿತು. ಗೇಟಿನಲ್ಲಿ ಟಿಕೆಟ್ ಕೊಡುವ, ನಾವೆಲ್ಲ ಗೌರವದಿಂದ ದೊನ್ಯಾ ಎನ್ನುವ ತ್ರಾನ್ಸಿತೊ ಗುಂಪಿನ ಹೆಸರು ಕೇಳಿದರು. ಒಂದೇ ದಿನ ಎರಡು ಗುಂಪಿಗೆ ಒಂದೇ ಹೆಸರು ಬರದಂತೆ ಅವರು ಕರಿಹಲಗೆಯ ಮೇಲೆ ಬರೆದಿಡುತ್ತಾರೆ. ಹದ್ದು ಎಂದೆ, ಬರೆದುಕೊಂಡರು. ಸಾಮಾನ್ಯವಾಗಿ ಎರಡನೇ ತಿರುವಿನಲ್ಲಿ ನಿಂತು ಹೆಸರನ್ನು ಒಮ್ಮೆ ಕೂಗಿ ಅಭ್ಯಾಸ ಮಾಡಿಸುತ್ತೇವೆ. ಆ ದಿನ ಯಾಕೋ ಗುಂಪಿಗೆ ಹೆಸರು ಹೇಳುವುದನ್ನೂ ಅಭ್ಯಾಸವನ್ನೂ ಮರೆತು ಪೈನ್ ಮರಗಳು ಮುಗಿಯುವವರೆಗೂ ಹೋಗಿಬಿಟ್ಟಿದ್ದೆ. ಮುಂದೆ ಬರೀ ಕಪ್ಪು ಜಲ್ಲಿ. ಮೆಕ್ಸಿಕೋದ ಹುಡುಗಿಯೊಬ್ಬಳು, "ಗೈಡ್, ನಮಗೆ ಹೆಸರೇ ಇಟ್ಟಿಲ್ವಲ್ಲ?" ಎಂದಳು.

"ಮಿರೇಯಾ" ಎಂದಿತು ನನ್ನ ಬಾಯಿ.

ನಾನೇ ಬೆಚ್ಚಿದೆ. ಆದರೆ ಹೇಳಿಯಾಗಿತ್ತು, ಅವರೆಲ್ಲ ಕಾಯುತ್ತಿದ್ದರು. ಓಗೊಡುವ ಮಾತು ಹೇಳಿಕೊಟ್ಟೆ. ಕೂಗಿದೆ. ಹನ್ನೆರಡು ಗಂಟಲುಗಳಿಂದ, ಹನ್ನೆರಡು ಬಗೆಯ ಉಚ್ಚಾರದಲ್ಲಿ, ಒಂದೇ ಮಾತು ಬಂತು: "ಇದ್ದೀನಿ!"

ಬೂಟಿನ ದಾರ ಕಟ್ಟುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡೇ ಇದ್ದೆ.

ನಾನು ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿದವಳು. ಧ್ವನಿ ಎಂದರೆ ಗಾಳಿಯ ಒತ್ತಡದ ಏರಿಳಿತ, ಅಷ್ಟೇ. ಅದರಲ್ಲಿ ಸತ್ತವರು ಯಾರೂ ಕೂತಿರುವುದಿಲ್ಲ. ಇದು ಗೊತ್ತಿದ್ದೂ ಮರುದಿನ ಮತ್ತೆ ಹಾಗೆಯೇ ಮಾಡಿದೆ, ಅದರ ಮರುದಿನವೂ. ಗೇಟಿನಲ್ಲಿ ಹದ್ದು, ಪೈನ್ ಮರ ದಾಟಿದ ಮೇಲೆ ಮಿರೇಯಾ. ಹಾಗೆಂದರೇನು ಎಂದು ಜನ ಕೇಳುತ್ತಿದ್ದರು. "ಇಲ್ಲಿಯ ಒಂದು ಹಕ್ಕಿ" ಎನ್ನುತ್ತಿದ್ದೆ. ಬೆಲ್ಜಿಯಂನವನೊಬ್ಬ ಇಳಿಯುವಾಗ ಕ್ಯಾಮೆರಾ ತೋರಿಸಿ, ಆ ಹಕ್ಕಿಯ ಫೋಟೊ ಸಿಕ್ಕಿತು ಎಂದು ಕುಣಿದಾಡಿದ. ಅದು ಸಾಮಾನ್ಯ ಕಾಗೆ. ಹೌದು, ಅದೇ, ಎಂದೆ.

ಬೇರೆ ಗೈಡುಗಳು ಹತ್ತಿರವಿದ್ದಾಗ ಕೂಗುತ್ತಿರಲಿಲ್ಲ. ನಜಾರಿಯೋನ ಪಾಳಿ ನನ್ನ ಪಾಳಿಯ ಜೊತೆಗೇ ಬಿದ್ದ ದಿನ ಅವನು ಯಾವ ಕಡೆ ಇದ್ದಾನೆಂದು ನೋಡಿಕೊಂಡು ದೂರವೇ ಉಳಿಯುತ್ತಿದ್ದೆ. ಪಾದ್ರಿಯ ಬಾಯಲ್ಲಿ ಆ ಹೆಸರು ಕೇಳಲಾಗದೆ ಗೋಡೆಗೆ ಹಣೆ ಒತ್ತಿದವನು ಇದನ್ನು ಕೇಳಿದರೆ ಏನಾದಾನು? ನಾನು ಇದನ್ನು ಬಿಟ್ಟುಬಿಡಬೇಕಾಗುತ್ತದೆ. ಮಗಳನ್ನು ಕರೆದರೆ ಉತ್ತರ ಬರುವ ಜಾಗ ಇಡೀ ಭೂಮಿಯ ಮೇಲೆ ನನಗೆ ಅದೊಂದೇ ಇತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆ ದಿನ ಬೆಳಿಗ್ಗೆ ಇಬ್ಬರಿಗೂ ಪಾಳಿಯಿತ್ತು. ನಜಾರಿಯೋನ ಗುಂಪಿನಲ್ಲಿ ದೊನ್ ಬಲ್ತಸಾರ್ ಎಂಬ ಉರುಗ್ವೆಯ ನಿವೃತ್ತ ಮೇಷ್ಟ್ರಿದ್ದರು. ತೆಳ್ಳಗಿನ ಮನುಷ್ಯ, ಮೊಣಕಾಲಿಗೆ ಪಟ್ಟಿ ಸುತ್ತಿದ್ದರು. ಗೇಟಿನ ಹತ್ತಿರ ರುಫೀನೋ ಎಂದಿನಂತೆ ಕುದುರೆ ಹಿಡಿದು ಗಿರಾಕಿ ಹುಡುಕುತ್ತಿದ್ದ.

"ಟ್ಯಾಕ್ಸಿ! ಕುದುರೆ ಟ್ಯಾಕ್ಸಿ! ದೊನ್, ಹತ್ಕೊಳ್ಳಿ. ನಿಮ್ಮ ಮೊಣಕಾಲು ಅಳ್ತಿರೋದು ನಂಗೆ ಇಲ್ಲಿಗೇ ಕೇಳಿಸ್ತಿದೆ."

"ಅದು ಅಳ್ತಿರೋದು ನಿನ್ನ ಕುದುರೇನ ನೋಡಿ ಕಣಪ್ಪ," ಎಂದರು ಬಲ್ತಸಾರ್. "ಇದು ನನಗಿಂತ ಹಿರೀದು. ನಾನೇ ಹೊತ್ಕೊಂಡ್ ಹೋಗ್ಬೇಕಾಗತ್ತೆ."

"ಹೊತ್ಕೊಳ್ಳಿ, ಬಾಡಿಗೇಲಿ ಅರ್ಧ ಬಿಡ್ತೀನಿ!"

ದೊನ್ಯಾ ತ್ರಾನ್ಸಿತೊ ಸೀಮೆಸುಣ್ಣ ಹಿಡಿದು ಕಿಟಕಿಯಿಂದ ಇಣುಕಿದರು. "ನಜಾರಿಯೋ, ಏನ್ ಬರೀಲಿ?"

"ತೋಳ."

"ನೀನು ದೆಲ್ಫಿನಾ? ಹದ್ದು ತಾನೆ? ಗಂಡ ಹೆಂಡ್ತಿಗೆ ಬೇರೆ ಹೆಸರೇ ಹೊಳೆಯಲ್ವೇನ್ರೋ? ಎರಡು ವರ್ಷದಿಂದ ಅದೇ ತೋಳ, ಅದೇ ಹದ್ದು. ನನ್ನ ಹಲಗೆಗೇ ಬೇಜಾರಾಗಿದೆ."

"ಹದ್ದಿಗೆ ಮುಪ್ಪು ಬರೋವರ್ಗೂ ಇರ್ಲಿ ದೊನ್ಯಾ" ಎಂದೆ. ನಜಾರಿಯೋ ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಅವನು ನಗುವುದೇ ಅಪರೂಪವಾಗಿತ್ತು, ಆದ್ದರಿಂದ ನೆನಪಿದೆ.

ಅವನು ಮೊದಲು ಹೊರಟ. ಅವನ ಗುಂಪು ಕಣ್ಮರೆಯಾದ ಮೇಲೆ ನಾನು ಹೊರಟೆ. ತುದಿ ತಲುಪುವ ಹೊತ್ತಿಗೆ ಆಕಾಶ ಶುಭ್ರವಾಗಿತ್ತು. ಜ್ವಾಲಾಮುಖಿಯ ಬಾಯಿಯೊಳಗಿಂದ ದೊಡ್ಡ ಪಾತ್ರೆ ಕುದಿಯುವಂಥ ಸದ್ದು ಬರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಕೆಂಪು ತುಣುಕುಗಳು ಹಾರಿ, ಬೀಳುವಾಗಲೇ ಕಪ್ಪಾಗುತ್ತಿದ್ದವು. ಗಂಧಕದ ಹೊಗೆಗೆ ಎಲ್ಲರೂ ಕರವಸ್ತ್ರ ಮೂಗಿಗೆ ಹಿಡಿದಿದ್ದರು. ಕೆಳಗೆ ನಿಂತು ಬಿಸಿ ಬಿರುಕಿನ ಮೇಲೆ ಮಾರ್ಷ್‌ಮೆಲೋ ಮಿಠಾಯಿ ಸುಡುವಾಗ ಯಾರದೋ ಬೂಟಿನ ತಳ ಮೆತ್ತಗಾಗಿ, ಎಲ್ಲರೂ ಅದನ್ನೇ ಹೇಳಿ ಹೇಳಿ ನಕ್ಕರು. ನಜಾರಿಯೋನ ಗುಂಪು ಆಗಲೇ ದಿಬ್ಬದ ಆ ಬದಿಗೆ ಇಳಿಯಲು ತೊಡಗಿತ್ತು. ದೂರದಲ್ಲಿ ಅವನ ಹಳದಿ ಟೋಪಿ ಕಂಡಿತು.

ಅರ್ಧ ಇಳಿಜಾರಿನಲ್ಲಿದ್ದಾಗ ಉತ್ತರದ ಗಾಳಿಯೊಂದಿಗೆ ಮಂಜು ಬಂತು. ನನ್ನವರನ್ನು ಹತ್ತಿರ ಸೇರಿಸಿಕೊಂಡು, ಒಬ್ಬರ ಚೀಲ ಒಬ್ಬರು ಹಿಡಿಯಲು ಹೇಳಿ, ನಿಧಾನವಾಗಿ ಇಳಿಸುತ್ತಿದ್ದೆ. ಆಗ ದಿಬ್ಬದ ಆ ಬದಿಯಿಂದ ಕೂಗು ಬಂತು.

"ಮಿರೇಯಾ!"

ನಜಾರಿಯೋನ ಧ್ವನಿ. ಅವನಿಗೆ ಬುದ್ಧಿ ಕೆಟ್ಟಿದೆ, ಮಂಜಿನಲ್ಲಿ ಮತ್ತೆ ಮಗಳನ್ನು ಹುಡುಕುತ್ತಿದ್ದಾನೆ ಎಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿದ್ದ ಅಷ್ಟೂ ಜನ ಉತ್ಸಾಹದಿಂದ ಓಗೊಟ್ಟರು:

"ಇದ್ದೀನಿ!"

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗಿದ. ಈ ಸಲ ಕೊನೆಗೆ ಗೈಡುಗಳ ಮಾಮೂಲಿ ಮಾತನ್ನೂ ಸೇರಿಸಿದ: "ಮಿರೇಯಾ! ಬಾಲ ಬಂತಾ?"

"ಇದ್ದೀನಿ!" ಎಂದರು ನನ್ನವರು.

ಆಗ ತಿಳಿಯಿತು. ಇದು ಬುದ್ಧಿ ಕೆಟ್ಟವನ ಕೂಗಲ್ಲ. ತನ್ನ ಗುಂಪನ್ನು ಕರೆಯುತ್ತಿರುವ ಗೈಡಿನ ಕೂಗು. ಗೇಟಿನಲ್ಲಿ ತೋಳ, ಮೇಲೆ ಮಿರೇಯಾ. ನಾನು ಅವನಿಂದ ಅಡಗಿಸಿಟ್ಟದ್ದನ್ನೇ ಅವನು ನನ್ನಿಂದ ಅಡಗಿಸಿಟ್ಟಿದ್ದ.

"ಗೈಡ್, ಅದು ನಮ್ಮನ್ನೇ ಕರೀತಿರೋದಾ?" ಎಂದು ಪಕ್ಕದ ಹುಡುಗಿ ಕೇಳಿದಳು. ತಲೆಯಾಡಿಸಿದೆ. ಮಂಜಿನಲ್ಲಿ ಅವಳಿಗೆ ಅದು ಕಾಣುವಂತಿರಲಿಲ್ಲ. ಇಳಿಯುವಷ್ಟು ಹೊತ್ತೂ ಅವನು ಕರೆಯುತ್ತಿದ್ದ, ಅವರು ಓಗೊಡುತ್ತಿದ್ದರು.

ಕುದುರೆ ಲಾಯದ ಹತ್ತಿರ ಎರಡು ದಾರಿಯೂ ಸೇರುತ್ತವೆ. ಅಲ್ಲಿ ನಜಾರಿಯೋ ತನ್ನವರನ್ನು ಎಣಿಸುತ್ತಿದ್ದ. ಒಮ್ಮೆ ಎಣಿಸಿದ. ಬೆರಳು ಮಾಡಿ ಇನ್ನೊಮ್ಮೆ ಎಣಿಸಿದ.

"ಮೇಷ್ಟ್ರೆಲ್ಲಿ?" ಎಂದ.

ಅವನು ಬಣ್ಣಗೆಟ್ಟ ಮುಖ ಎತ್ತಿದ. "ಎಲ್ರೂ ಓಗೊಟ್ರಲ್ಲ? ಕೂಗಿದಾಗೆಲ್ಲ ಹಿಂದೆಯಿಂದ ಜೋರಾಗಿ ಓಗೊಟ್ರಿ. ಎಲ್ಲಾ ಒಟ್ಟಿಗೇ ಬರ್ತಿದೀರ ಅಂತ್ಲೇ ನಾನು ನಿಲ್ಲದೆ ಇಳಿದಿದ್ದು."

"ನಾವು ಇಬ್ರೋ ಮೂವರೋ ಮಾತ್ರ, ಗೈಡ್, ಓಗೊಟ್ಟಿದ್ದು" ಎಂದ ಅವನ ಗುಂಪಿನ ಒಬ್ಬ ಹುಡುಗ. "ಉಳಿದದ್ದು ಪಕ್ಕದಿಂದ ಬರ್ತಿತ್ತು."

"ಪಕ್ಕದಿಂದ ಯಾರು?"

"ನಾವು!" ಎಂದಳು ನನ್ನ ಗುಂಪಿನ ಹುಡುಗಿ, ಏನೂ ಅರಿಯದೆ, ನಗುತ್ತ. "ನಾವೂ ಮಿರೇಯಾನೇ!"

ನಜಾರಿಯೋ ನನ್ನನ್ನು ನೋಡಿದ. ನಾನೂ ನೋಡಿದೆ. ನಮ್ಮ ಮಧ್ಯೆ ಅಷ್ಟು ಜನ ನಿಂತಿದ್ದರು, ಒಬ್ಬ ಮನುಷ್ಯ ಮೇಲೆ ಮಂಜಿನಲ್ಲಿದ್ದ. ಮಾತಾಡಲು ಹೊತ್ತಿರಲಿಲ್ಲ.

"ರುಫೀನೋ, ಹಗ್ಗ" ಎಂದ ಅವನು.

ಗುಂಪುಗಳನ್ನು ಬೇರೆಯವರಿಗೆ ಒಪ್ಪಿಸಿ ಮೂವರೂ ಮೇಲೆ ಹತ್ತಿದೆವು. ದಾರಿಯಲ್ಲಿ ರುಫೀನೋ ನನ್ನ ಪಕ್ಕ ಬಂದು, ತಗ್ಗಿದ ದನಿಯಲ್ಲಿ, "ನಂಗೆ ಗೊತ್ತಿತ್ತಕ್ಕ. ನಿಂದೂ, ಭಾವಂದೂ. ಕುದುರೆ ಹಿಂದೆ ಅಲೆಯೋನಿಗೆ ಎಲ್ಲಾ ಕೇಳಿಸತ್ತೆ" ಎಂದ.

"ಒಂದ್ ಮಾತು ಹೇಳ್ಬೋದಿತ್ತಲ್ಲೋ?"

"ನಾನು ಹೇಗೆ ಹೇಳ್ಲಿ?" ಎಂದ. "ಕುದುರೆ ನಂದು."

ನಜಾರಿಯೋ ಮುಂದೆ ಕೂಗುತ್ತ ಹೋಗುತ್ತಿದ್ದ. ಮೇಷ್ಟ್ರಿಗೆ ಗೊತ್ತಿದ್ದ ಹೆಸರು ಅದೊಂದೇ. ಆದ್ದರಿಂದ ಅದನ್ನೇ ಕೂಗಬೇಕಿತ್ತು. ಮಂಜಿನಲ್ಲಿ, ಗಾಳಿಯಲ್ಲಿ, ಅದೇ ದಾರಿಯಲ್ಲಿ, ಅದೇ ಹೆಸರು. ಕೂಗುವುದು, ಉಸಿರು ಬಿಗಿಹಿಡಿದು ಕೇಳುವುದು, ಮತ್ತೆ ಕೂಗುವುದು. ಒಂದು ಸಲ ಅವನ ಧ್ವನಿ ಒಡೆಯಿತು. ಆಗ ನಾನು ಕೂಗಿದೆ. ನಾವಿಬ್ಬರೂ ಒಬ್ಬರೆದುರು ಒಬ್ಬರು ಆ ಹೆಸರು ಹೇಳಿದ್ದು ಅವಳನ್ನು ಮಣ್ಣು ಮಾಡಿದ ಮೇಲೆ ಅದೇ ಮೊದಲು.

ಉತ್ತರ ಬರಲಿಲ್ಲ. ಹಳೆಯ ಲಾವಾ ಹಾಸಿನ ಅಂಚು ದಾಟಿ, ಬಂಡೆಯ ಮರೆಗೆ ಹೋದಾಗ ಮೇಷ್ಟ್ರ ಕೆಂಪು ಜಾಕೆಟ್ ಕಂಡಿತು. ಕಾಲು ಮುರಿದಿತ್ತು. ಆವಿ ಬರುವ ಒಂದು ಬಿರುಕಿನ ಪಕ್ಕ ಕೂತು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

"ಬಂದ್ರಾ?" ಎಂದರು. "ಆ ಮುದಿ ಕುದುರೇನ ಬೈದಿದ್ದು ತಪ್ಪಾಯ್ತು ಅಂತ ಆಗ್ಲೇ ನೂರು ಸಲ ಕ್ಷಮೆ ಕೇಳಿದೀನಿ."

ರುಫೀನೋ ಅಳುತ್ತಲೇ ನಕ್ಕ. ನಾನು ಕಾಲಿಗೆ ಕೋಲು ಕಟ್ಟತೊಡಗಿದೆ. ನಜಾರಿಯೋ ಅವರ ಮುಂದೆ ಮಂಡಿಯೂರಿ, "ಕ್ಷಮಿಸಿ ದೊನ್. ಕೂಗ್ತಾನೇ ಇದ್ದೆ" ಎಂದ.

"ಕೇಳಿಸ್ತಿತ್ತಪ್ಪ," ಎಂದರು ಬಲ್ತಸಾರ್. "ಮೊದಲಿಂದ್ಲೂ ಕೇಳಿಸ್ತಿತ್ತು. ಪಕ್ಕದಲ್ಲೇ ನಿಂತು ಕರೆದ ಹಾಗೆ. ನೀನು ಮಿರೇಯಾ ಅಂದಾಗೆಲ್ಲ ನಾನು ಓಗೊಟ್ಟೆ. ಒಂದ್ಸಲಾನೂ ಬಿಡ್ಲಿಲ್ಲ. ನಿಂಗೇ ಕೇಳಿಸ್ಲಿಲ್ಲ."

ನಜಾರಿಯೋ ಇದ್ದ ಜಾಗದಲ್ಲೇ ಕೂತುಬಿಟ್ಟ. ಯಾರೋ ಭುಜ ಒತ್ತಿ ಕೂರಿಸಿದ ಹಾಗೆ. ಮೇಷ್ಟ್ರು ಗಾಬರಿಯಾಗಿ, "ಅಯ್ಯೋ, ನಿನ್ನ ಬೈದಿದ್ದಲ್ಲಪ್ಪ, ಬೇಜಾರ್ ಮಾಡ್ಕೋಬೇಡ" ಎಂದರು. ಹೆಸರು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಅದು ಮೇಲೆ ಬೆಳೆಯುವ ಒಂದು ಹೂವು ಎಂದು ನಜಾರಿಯೋ ಹೇಳಿದ್ದನಂತೆ.

ಇದಕ್ಕೆ ವಿವರಣೆ ಇದೆ. ಗಾಳಿ ನೆಲದ ಹತ್ತಿರ ನಿಧಾನವಾಗಿ, ಮೇಲೆ ವೇಗವಾಗಿ ಬೀಸುತ್ತದೆ. ಗಾಳಿಯ ಜೊತೆ ಹೋಗುವ ಧ್ವನಿ ನೆಲದ ಕಡೆ ಬಾಗುತ್ತದೆ, ಬಹಳ ದೂರ ಕೇಳಿಸುತ್ತದೆ. ಗಾಳಿಗೆ ಎದುರಾಗಿ ಹೋಗುವ ಧ್ವನಿ ಮೇಲಕ್ಕೆ ಬಾಗಿ, ಕೇಳಬೇಕಾದವರ ತಲೆಯ ಮೇಲಿಂದ ಹಾದುಹೋಗುತ್ತದೆ. ಉತ್ತರದ ಗಾಳಿ ಬೀಸುವಾಗ ಉತ್ತರದಲ್ಲಿ ನಿಂತು ಕರೆಯುವವರ ಕೂಗು ದಕ್ಷಿಣದಲ್ಲಿ ಬಿದ್ದವರಿಗೆ ಮುಟ್ಟುತ್ತದೆ. ಬಿದ್ದವರು ಓಗೊಟ್ಟದ್ದು ಕರೆಯುವವರಿಗೆ ಮುಟ್ಟುವುದಿಲ್ಲ. ಎರಡನೇ ವರ್ಷದ ಪಾಠ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ.

ಅವಳನ್ನು ಹುಡುಕಿದ ದಿನಗಳಲ್ಲೂ ಗಾಳಿ ಉತ್ತರದ್ದೇ. ನಾವು ನಿಂತು ಕೂಗಿದ್ದೂ ಉತ್ತರದಲ್ಲೇ, ದಾರಿ ಇರುವುದು ಆ ಕಡೆಗೆ ತಾನೆ. ಅವಳು ಸಿಕ್ಕ ಬಿರುಕು ದಕ್ಷಿಣಕ್ಕಿತ್ತು.

ಮೇಷ್ಟ್ರನ್ನು ಕೆಳಗಿಳಿಸಿ ಆಸ್ಪತ್ರೆಗೆ ಕಳಿಸಿ ಮನೆಗೆ ಬಂದಾಗ ನಜಾರಿಯೋ ಬೂಟನ್ನೂ ಬಿಚ್ಚದೆ ಒಲೆಯ ಮುಂದೆ ಕೂತ. ನಾನು ಕಾಫಿ ಕಾಸಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ ಕೇಳಿದ:

"ನೀನು ಓದಿದವಳು. ನಿಜ ಹೇಳು. ಅವಳೂ ಓಗೊಟ್ಟಿರ್ತಾಳಾ?"

"ಇಲ್ಲ" ಎಂದೆ.

"ಖಂಡಿತಾ?"

"ಬಿದ್ದ ತಕ್ಷಣ ಹೋಗಿಬಿಟ್ಟಿದ್ಲು. ಡಾಕ್ಟ್ರು ಆಗ್ಲೇ ಹೇಳಿದ್ರು ನಂಗೆ. ಮೇಷ್ಟ್ರು ಬಂಡೆ ಹಿಂದೆ ಇದ್ರು, ಅದಕ್ಕೇ ಕೇಳಿಸ್ಲಿಲ್ಲ. ಎರಡೂ ಬೇರೆ ಬೇರೆ."

ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಅವರು ಹೇಳಿದ್ದೇನೆಂದು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನಜಾರಿಯೋ ತಲೆಯಾಡಿಸಿದ. ಕಾಫಿ ಮುಟ್ಟಲಿಲ್ಲ.

ಸಂಘದ ಅಧ್ಯಕ್ಷ ದೊನ್ ಒಬ್ದುಲಿಯೋ ಸಭೆ ಕರೆದರು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಇನ್ಮುಂದೆ ಮನುಷ್ಯರ ಹೆಸರು ಬೇಡ ಮಕ್ಕಳೇ. ಗೇಟಲ್ಲಿ ಹಲಗೆ ಮೇಲೆ ಬರೆದ ಹೆಸರೇ ಮೇಲೂ ಕೂಗ್ಬೇಕು. ಎರಡನೇ ತಿರುವಲ್ಲಿ, ಎಲ್ರಿಗೂ ಕೇಳೋ ಹಾಗೆ, ಅಭ್ಯಾಸ ಮಾಡಿಸ್ಬೇಕು" ಎಂದರು. ನಜಾರಿಯೋನನ್ನು ಆ ಸೀಸನ್ ಮುಗಿಯುವವರೆಗೆ ಮಾತ್ರ ಕೆಲಸದಿಂದ ಬಿಡಿಸುವುದೆಂದು ತೀರ್ಮಾನವಾಯಿತು. ಅವನು ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಮುಂದಿನ ಸೀಸನ್‌ಗೂ ಇದು ಬೇಡ ಎಂದು ಹೇಳಿ ಹೊರಟ. ದೊನ್ಯಾ ತ್ರಾನ್ಸಿತೊ ಮರುದಿನ ತೋಳ ಎಂದು ಬೇರೆ ಯಾರಿಗೂ ಬರೆಯಲಿಲ್ಲ. ಇವತ್ತಿಗೂ ಬರೆಯುವುದಿಲ್ಲ.

ಅವನು ಅಂಗಳದಲ್ಲಿ ರುಫೀನೋನ ಕುದುರೆಗಳ ಜೀನು, ಪಟ್ಟಿ ಹೊಲಿಯುವ ಕೆಲಸ ಹಿಡಿದ. ನಾನು ಬೆಟ್ಟಕ್ಕೆ ಹೋಗುತ್ತಿದ್ದೆ. ಎರಡನೇ ತಿರುವಿನಲ್ಲಿ "ಹದ್ದು!" ಎಂದು ಕೂಗುತ್ತಿದ್ದೆ. ಜನ ಇದ್ದೀನಿ ಎನ್ನುತ್ತಿದ್ದರು. ಮೇಲೆ ಹೋದ ಮೇಲೆ, ಪೈನ್ ಮರಗಳಾಚೆ, ಬೇರೆ ಗೈಡುಗಳು ಇಲ್ಲದಿರುವಾಗ ಆ ಹೆಸರು ಕೂಗಬಹುದಿತ್ತು. ಕೂಗಲಾಗಲಿಲ್ಲ. ಕೂಗಿ ಮುಗಿಸಿ, ಓಗೊಡುವ ಧ್ವನಿಗೆ ಕಾಯುವ ಆ ಒಂದು ಕ್ಷಣವನ್ನು ನನಗೆ ತಾಳಿಕೊಳ್ಳಲಾಗುತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ನಾನು ಅಂಗಳಕ್ಕೆ ಕಾಲಿಟ್ಟಾಗ ನಜಾರಿಯೋ ಸೂಜಿಯಿಂದ ಕಣ್ಣೆತ್ತದೆ ಕೇಳಿದ:

"ಇವತ್ತು ಗುಂಪಿನ ಹೆಸರೇನು?"

ಸೂಜಿ ಚರ್ಮದ ಅರ್ಧದಲ್ಲೇ ನಿಂತಿತ್ತು.

"ಮಿರೇಯಾ" ಎಂದೆ.

"ಓಗೊಟ್ರಾ?"

"ಓಗೊಟ್ರು."

"ಎಷ್ಟು ಜನ?"

"ಹತ್ತು. ಕೊಲಂಬಿಯಾದವರು. ಗಂಟಲು ಜೋರು."

"ಸರಿ" ಎಂದು ದಾರ ಎಳೆದ. ಅಂದಿನಿಂದ ದಿನವೂ ಕೇಳುತ್ತಾನೆ, ದಿನವೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಆ ಹೆಸರು ದಿನಕ್ಕೊಮ್ಮೆ ಹಾಗೆ ಬಂದು ಹೋಗತೊಡಗಿತು. ಒಲೆಯ ಮುಂದೆ, ಹುರುಳಿಕಾಯಿ ಬೀಜ ಬೇಯುವ ವಾಸನೆಯ ಮಧ್ಯೆ. ಜನರ ಸಂಖ್ಯೆ, ಅವರ ದೇಶ, ಯಾರು ಹೇಗೆ ಕೂಗಿದರು ಎಂಬುದನ್ನೆಲ್ಲ ನಾನು ಇಳಿಯುವ ದಾರಿಯಲ್ಲೇ ಯೋಚಿಸಿಟ್ಟುಕೊಳ್ಳುತ್ತಿದ್ದೆ.

ಮೊನ್ನೆ ನನಗೆ ಜ್ವರ ಬಂದು ಮನೆಯಲ್ಲೇ ಉಳಿದೆ. ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ, ಕಿವಿಯ ಪಕ್ಕದಲ್ಲೇ ನಿಂತು ಕರೆದ ಹಾಗೆ, ಸ್ಪಷ್ಟವಾಗಿ ಕೇಳಿಸಿತು: "ಚಿರತೇ!" ಅದರ ಹಿಂದೆಯೇ ಗುಂಪಿನ ಓಗೊಡುವಿಕೆ. ಎರಡನೇ ತಿರುವಿನಲ್ಲಿ ಬೇರೆ ಗೈಡೊಬ್ಬ ಅಭ್ಯಾಸ ಮಾಡಿಸುತ್ತಿದ್ದ. ತಿರುವು ನಮ್ಮ ಹಿತ್ತಲಿನ ನೆತ್ತಿಯ ಮೇಲೇ ಇದೆ. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ಎರಡು ವಾರದಿಂದ ಗಾಳಿ ಹೀಗೆಯೇ ಇತ್ತು. ಎರಡು ವಾರವೂ ಅವನು ಇಲ್ಲೇ ಕೂತು ಹೊಲಿಯುತ್ತಿದ್ದ, ನಾನು ಅದೇ ತಿರುವಿನಲ್ಲಿ ಕೂಗುತ್ತಿದ್ದೆ.

ಜ್ವರ ಬಿಟ್ಟ ಮೇಲೆ ಮತ್ತೆ ಕೆಲಸಕ್ಕೆ ಹೋದೆ. ಎರಡನೇ ತಿರುವಿನಲ್ಲಿ ನಿಂತಾಗ ಕೆಳಗೆ ನಮ್ಮ ಮನೆಯ ತಗಡಿನ ಮಾಡು ಕಂಡಿತು, ಅಂಗಳದಲ್ಲಿ ಹಳದಿ ಟೋಪಿ ಕಂಡಿತು. ಪಕ್ಕದಲ್ಲಿ ಇನ್ನೆರಡು ಗುಂಪುಗಳಿದ್ದವು. ಗಾಳಿ ನನ್ನ ಬೆನ್ನಿಗಿತ್ತು. "ಹದ್ದು!" ಎಂದು ಕೂಗಿದೆ.

ಸಂಜೆ ಅಂಗಳಕ್ಕೆ ಬಂದಾಗ ಅವನು ಕೇಳಿದ.

"ಇವತ್ತು ಹೆಸರೇನು?"

ನಾನು ಹೆಗಲ ಚೀಲ ಇಳಿಸಿ ಗೋಡೆಗೆ ಒರಗಿಸಿದೆ. ಅವನು ಸೂಜಿ ಕೆಳಗಿಟ್ಟು ಕಾದ.

"ಮಿರೇಯಾ" ಎಂದೆ.

"ಹೂಂ," ಎಂದ ನಜಾರಿಯೋ. "ಇಲ್ಲಿಗೂ ಕೇಳಿಸ್ತು ಕಣೆ. ಚೆನ್ನಾಗಿ ಓಗೊಟ್ರು."